ಆಯಿಯ ನುಡಿಯ ಮೂರನೆಯ ಸಾಲು

೮ ಫೆಬ್ರುವರಿ ೨೦೨೬, ರವಿವಾರ. ಬೆಳಿಗ್ಗೆ ಆರು ಹತ್ತಕ್ಕೆ ಬರೆಯಲು ಕೂತೆ.

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಸದ್ದು ಕೇಳಿಯೇ ಎಣಿಸುತ್ತಿದ್ದೇನೆ, ಇದು ಹನ್ನೊಂದನೆಯದು. ಪಡಸಾಲೆಯ ತೊಟ್ಟಿಲಲ್ಲಿ ಅಕ್ಕನ ಕೂಸು ಮಲಗಿದೆ, ಅದು ಹುಟ್ಟಿ ಇವತ್ತಿಗೆ ಎಪ್ಪತ್ತನಾಲ್ಕನೆಯ ದಿನ. ತೊಟ್ಟಿಲ ಪಕ್ಕದ ಮಂಚದ ಮೇಲೆ ನನ್ನ ಅಜ್ಜಿ, ಅಂದರೆ ಆಯಿ, ಆಗಲೇ ಎಚ್ಚರಾಗಿದ್ದಾಳೆ. ಆಕೆಗೆ ಈಗ ಮಾತು ಬರುವುದಿಲ್ಲ. ಎಡಗೈ ಹೆಬ್ಬೆರಳನ್ನು ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಇಡುತ್ತಾ ಏನನ್ನೋ ಎಣಿಸುತ್ತಾಳೆ. ಏನನ್ನು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ನಮ್ಮ ಮನೆಗೆ ಒಂದು ತೊಟ್ಟಿಲ ಹಾಡು ಇದೆ. ಐದು ನುಡಿ, ಒಂದೊಂದು ನುಡಿಗೆ ಮೂರು ಸಾಲು, ಒಟ್ಟು ಹದಿನೈದು. ನನ್ನ ಬಳಿ ಈಗ ಹದಿನಾಲ್ಕು ಸಾಲು ಇವೆ. ಇಲ್ಲದಿರುವ ಒಂದು ಸಾಲು ಆಯಿಯದು. ಯುಗಾದಿ ಮುಗಿಸಿಕೊಂಡು ಏಪ್ರಿಲ್ ಮೊದಲ ವಾರ ಅಕ್ಕ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋಗುತ್ತಾಳೆ. ಅಷ್ಟರೊಳಗೆ ಆ ಸಾಲು ಸಿಗಬೇಕು. ಅದು ಕಳೆದದ್ದು ನನ್ನ ಕೈಯಿಂದ. ಹೇಗೆ ಕಳೆಯಿತು ಎಂದು ತಾರೀಖಿನ ಪ್ರಕಾರ ಬರೆದಿಡುತ್ತೇನೆ.

೨೦೨೪ರ ಫೆಬ್ರುವರಿ ೫ರಿಂದ ಜೂನ್ ೨೨ರವರೆಗೆ ನಾನು ದನಿ ಕೂಡಿಸುವ ಕೆಲಸ ಮಾಡಿದೆ. ಕಂಪ್ಯೂಟರಿಗೆ ನಮ್ಮ ಕಡೆಯ ಮಾತು ಕಲಿಸಲು ಒಂದು ಕಂಪನಿಯವರು ಜನರ ದನಿ ಬೇಕೆಂದಿದ್ದರು. ಅವರು ಕೊಟ್ಟ ಆ್ಯಪನ್ನು ಫೋನಿಗೆ ಹಾಕಿಕೊಂಡು ಊರೂರು ತಿರುಗಬೇಕು. ಓದಲು ಬರುವವರು ತೆರೆಯ ಮೇಲೆ ಬಂದ ವಾಕ್ಯ ಓದಬೇಕು, ಓದಲು ಬಾರದವರು ತಮಗೆ ತಿಳಿದದ್ದನ್ನು ಹೇಳಬೇಕು. ಅಡುಗೆ, ದನ, ಮಳೆ, ಹಾಡು, ಏನಾದರೂ ಸರಿ. ಒಂದು ತುಣುಕಿಗೆ ಮೂವತ್ತು ಸೆಕೆಂಡು. ಅದು ಮುಗಿದ ಕೂಡಲೇ ಫೋನು ಟಣ್ ಎಂದು ತಾನೇ ನಿಲ್ಲುತ್ತಿತ್ತು.

ಆಗಿನ ನೋಟುಪುಸ್ತಕ ಮುಂದಿದೆ. ಇಂಡಿ ತಾಲೂಕಿನಲ್ಲಿ ೬೧ ಜನ, ನಮ್ಮ ಸಿಂದಗಿಯಲ್ಲಿ ೯೪, ಮುದ್ದೇಬಿಹಾಳದಲ್ಲಿ ೩೮, ಬಸವನ ಬಾಗೇವಾಡಿಯಲ್ಲಿ ೪೭. ಒಟ್ಟು ೨೪೦. ಯಾವ ಬಸ್ಸು, ಎಷ್ಟು ಗಂಟೆಗೆ ಹತ್ತಿದೆ, ಯಾರ ಮನೆಯಲ್ಲಿ ಚಹಾ ಕುಡಿದೆ ಎಂಬುದನ್ನೂ ಬರೆದಿದ್ದೇನೆ. ಐದು ತಿಂಗಳಲ್ಲಿ ೩೧೨ ಕಪ್ಪು ಚಹಾ. ಒಲ್ಲೆನೆಂದರೆ ದನಿ ಕೊಡುತ್ತಿರಲಿಲ್ಲ.

ಆ ದಿನಗಳು ಈಗ ಬಹಳ ನೆನಪಾಗುತ್ತವೆ. ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಕಲಬುರಗಿ ಬಸ್ಸಿಗೂ ವಿಜಯಪುರ ಬಸ್ಸಿಗೂ ಒಟ್ಟಿಗೆ ಓಡುವ ಜನ, ತೊಗರಿ ಚೀಲಗಳ ಮೇಲೆ ಕೂತು ಭಜಿ ತಿನ್ನುವ ಹಮಾಲರು. ಚಡಚಣದ ಹತ್ತಿರದ ಒಂದು ದ್ರಾಕ್ಷಿ ತೋಟದಲ್ಲಿ ಒಬ್ಬಾಕೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡಿ, ‘ನಿಮ್ಮ ಮಷಿನ್‌ಗೆ ಎರಡೂ ತಿಳೀತಾವೇನು? ತಿಳೀಲಿಲ್ಲಂದ್ರ ನನ್ನ ಗಂಡನಂಗ ಸುಮ್ಮನ ತಲಿ ಹಾಕಂತ ಹೇಳು’ ಎಂದಿದ್ದಳು. ಮುದ್ದೇಬಿಹಾಳದ ಕಡೆ ಒಂದು ಹಳ್ಳಿಯಲ್ಲಿ ಕಟ್ಟೆಯ ಮೇಲೆ ಕೂತ ಮುದುಕಿ ಫೋನನ್ನು ದೂರವೇ ತಡೆದಳು.

‘ನನ್ನ ದನಿ ನೀ ಒಯ್ದಿ ಅಂದ್ರ ನನಗೇನು ಉಳೀತೈತೆ ಯವ್ವಾ?’

ಪಕ್ಕದಲ್ಲಿ ಕಡ್ಲಿ ಸುಲಿಯುತ್ತಿದ್ದ ಆಕೆಯ ಸೊಸೆ ತಲೆ ಎತ್ತದೆ ಹೇಳಿದಳು: ‘ಎಲ್ಲಾ ಒಯ್ಯಿ ತಂಗಿ, ಒಂದು ಚೂರೂ ಬಿಡಬ್ಯಾಡ. ಒಂದಿನ ಮನಿ ತಣ್ಣಗಿರಲಿ.’

‘ನೋಡಿದ್ಯಾ? ಇಕೀನ ಬಯ್ಯಾಕರ ನನಗ ದನಿ ಬೇಕಲ್ಲ!’ ಎಂದು ಮುದುಕಿ ನಕ್ಕಳು. ಆ ನಗುವೇ ಮೂವತ್ತು ಸೆಕೆಂಡು ಆಯಿತು. ಅದನ್ನು ಕಳಿಸಿದೆ. ಮಾತಿಲ್ಲ ಎಂದು ವಾಪಸ್ಸು ಬಂತು.

ಹೀಗೆ ವಾಪಸ್ಸು ಬರುವುದು ಇತ್ತು. ಕಳಿಸಿದ ತುಣುಕನ್ನು ಕಂಪನಿಯವರು ಕೇಳಿ ಒಪ್ಪುತ್ತಿದ್ದರು ಇಲ್ಲವೇ ತಿರುಗಿಸುತ್ತಿದ್ದರು. ಒಪ್ಪಿದ್ದು ಫೋನಿನಿಂದ ಅಳಿಸಿ ಹೋಗುತ್ತಿತ್ತು. ತಿರುಗಿಸಿದ್ದು ಮಾತ್ರ ಕಾರಣದ ಚೀಟಿಯೊಂದಿಗೆ ಒಂದು ಫೋಲ್ಡರಿನಲ್ಲಿ ಉಳಿಯುತ್ತಿತ್ತು. ಹೆಚ್ಚಿನವಕ್ಕೆ ಕಾರಣ ಒಂದೇ: ‘ಹಿನ್ನೆಲೆ ಸದ್ದು’. ಬಳೆ, ಕೋಳಿ, ಟ್ರ್ಯಾಕ್ಟರು, ರೊಟ್ಟಿ ಬಡಿಯುವುದು. ಸದ್ದಿಲ್ಲದ ಮನೆ ನಮ್ಮ ಕಡೆ ಎಲ್ಲಿ ಸಿಗುತ್ತದೆ? ನನ್ನ ಲೆಕ್ಕದಲ್ಲಿ ತಿರುಗಿ ಬಂದವು ೨೦೭.

ನಮ್ಮ ಮನೆಯಲ್ಲಿ ಮೊದಲು ದನಿ ಕೊಟ್ಟವಳು ಆಯಿಯೇ. ಒಟ್ಟು ೪೧ ತುಣುಕು ಕೊಟ್ಟಳು, ಅದರಲ್ಲಿ ೧೯ ಹಾಡು. ಬೀಸುವಾಗಿನ ಹಾಡು, ಅರಿಶಿಣ ಹಚ್ಚುವಾಗಿನ ಹಾಡು, ಸುಗ್ಗಿಯ ಹಾಡು. ಆದರೆ ಆಕೆಯದೊಂದು ಹಟವಿತ್ತು. ಶುರು ಮಾಡಿದ ಹಾಡನ್ನು ನಡುವೆ ಬಿಡುವಂತಿಲ್ಲ. ಬಿಟ್ಟರೆ ಹಾಡು ಹೊಸ್ತಿಲ ಮೇಲೆ ನಿಂತ ಹೆಣ್ಣುಮಗಳಂತೆ ಒಳಗೂ ಇಲ್ಲ ಹೊರಗೂ ಇಲ್ಲ ಆಗುತ್ತದೆ ಎನ್ನುತ್ತಿದ್ದಳು. ಫೋನು ಟಣ್ ಎಂದರೂ ಆಯಿ ನಿಲ್ಲಿಸುತ್ತಿರಲಿಲ್ಲ.

‘ಸಾಕು ಆಯಿ, ಮೂವತ್ತು ಸೆಕೆಂಡ್ ಆತು.’

‘ಅದಕ್ಕ ಸಾಕಾಗಿರಬೇಕು. ಹಾಡಿಗೆ ಸಾಕಾಗಿಲ್ಲ.’

ಆಕೆ ಉಳಿದದ್ದನ್ನು ಗೋಡೆಗೆ ಮುಖ ಮಾಡಿ ಹಾಡಿ ಮುಗಿಸುವಳು. ನಾನು ಅಷ್ಟರಲ್ಲಿ ವಯಸ್ಸು, ತಾಲೂಕು, ಓದು ಎಂದು ಫಾರ್ಮು ತುಂಬುತ್ತಿದ್ದೆ. ಕಿವಿ ಕೊಡುತ್ತಿರಲಿಲ್ಲ. ಚಹಾದ ಕಪ್ಪನ್ನೂ ಎಣಿಸಿಟ್ಟ ನಾನು ಆ ಹತ್ತೊಂಬತ್ತು ಹಾಡುಗಳ ಉಳಿದ ಭಾಗವನ್ನು ಒಂದು ಸಾಲೂ ಬರೆದುಕೊಳ್ಳಲಿಲ್ಲ.

ಈಗ ತೊಟ್ಟಿಲ ಹಾಡಿನ ಪದ್ಧತಿ ಹೇಳಬೇಕು. ಮೊದಲ ನುಡಿ, ಕೊನೆಯ ನುಡಿ ಎಲ್ಲರವೂ. ನೆರೆದ ಹೆಂಗಸರೆಲ್ಲ ಕೂಡಿ ಹಾಡುತ್ತಾರೆ. ನಡುವಿನ ನುಡಿಗಳು ಈ ಮನೆಗೆ ಸೊಸೆಯಾಗಿ ಬಂದವರವು. ಒಬ್ಬ ಸೊಸೆಯ ಚೊಚ್ಚಲ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಆಕೆಯ ತವರಿನ ಹೆಂಗಸರು ಬರುತ್ತಾರೆ. ಬರುವಾಗ ತಮ್ಮ ಊರಿನ ಮೇಲೆ ಒಂದು ನುಡಿ ಕಟ್ಟಿಕೊಂಡು ಬಂದು ಹಾಡಿನಲ್ಲಿ ಸೇರಿಸಿ ಹೋಗುತ್ತಾರೆ. ಆಮೇಲೆ ಆ ನುಡಿಯನ್ನು ಆ ಸೊಸೆಯೊಬ್ಬಳೇ ಹಾಡಬೇಕು, ಉಳಿದವರು ಕೊನೆಗೆ ‘ಜೋ’ ಎನ್ನಬೇಕು ಅಷ್ಟೆ. ಆಕೆ ತೀರಿಕೊಂಡ ಮೇಲೆ ಅದು ಆಕೆಯ ಸೊಸೆಗೆ ಬರುತ್ತದೆ. ಎರಡನೆಯ ನುಡಿ ಮುತ್ಯಾನ, ಅಂದರೆ ನನ್ನ ಅಜ್ಜನ, ಅವ್ವನದು, ಆಕೆ ಇಂಡಿಯ ಕಡೆಯವಳು. ಮೂರನೆಯದು ಆಯಿಯದು, ಮುದ್ದೇಬಿಹಾಳದ ಹೊಳೆದಂಡೆಯ ಊರು. ನಾಲ್ಕನೆಯದು ಅವ್ವನದು, ಬಸವನ ಬಾಗೇವಾಡಿ. ಅದಕ್ಕೂ ಹಿಂದಿನವರ ನುಡಿಗಳೂ ಇದ್ದಿರಬೇಕು, ಅವು ಎಂದೋ ಬಿದ್ದುಹೋಗಿವೆ. ಹಾಡುವುದು ಮನೆಯಲ್ಲಿ ಕೂಸು ಹುಟ್ಟಿದಾಗ ಮಾತ್ರ. ಹಾಗಾಗಿ ಅವ್ವ ಇಡೀ ಹಾಡನ್ನು ಕೇಳಿದ್ದು ಇಷ್ಟು ವರ್ಷದಲ್ಲಿ ಐದೋ ಆರೋ ಸಲ.

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಎಂಟರ ಸುಮಾರಿಗೆ ಆಯಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ಪೂರಾ ಹೋಯಿತು. ಕಾಲು ಮೂರು ತಿಂಗಳಲ್ಲಿ ಸ್ವಲ್ಪ ತಿರುಗಿ ಬಂತು. ಮಾತು ಬರಲಿಲ್ಲ. ಎಲ್ಲವೂ ತಿಳಿಯುತ್ತದೆ. ಹೌದಕ್ಕೆ ತಲೆ ಹಾಕುತ್ತಾಳೆ, ಅಲ್ಲ ಎನ್ನಲು ಅಲ್ಲಾಡಿಸುತ್ತಾಳೆ. ಆಯಿಗೆ ಬರೆಯಲು ಮೊದಲೇ ಬರುತ್ತಿರಲಿಲ್ಲ.

ನವೆಂಬರ್ ೨೭ರಂದು ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವುದು ಹದಿಮೂರನೆಯ ದಿನ, ಡಿಸೆಂಬರ್ ೯ಕ್ಕೆ ಎಂದು ಗೊತ್ತಾಯಿತು. ಅವತ್ತೇ ಅವ್ವ ಕೇಳಿದಳು: ‘ಹಾಡಿಂದ ಹೆಂಗ?’

ಮೊದಲ ನುಡಿ ಎಲ್ಲರಿಗೂ ಬಾಯಲ್ಲಿತ್ತು:

ಅಂಗಳಕ ನೀರ್ಹೊಡೆದು ರಂಗೋಲಿ ಎಳದೇವಿ
ತಂಗಾಳಿ ನೀನು ಒಳಗ ಬಾ, ನಮ್ಮ ಕೂಸು
ಕಂಗಳ ತೆರೆದು ನಗತೈತಿ, ಜೋ

ಕೊನೆಯದೂ ಇತ್ತು. ಅವ್ವನಿಗೆ ತನ್ನ ಬಾಗೇವಾಡಿಯ ನುಡಿ ಚೆನ್ನಾಗಿ ನೆನಪಿತ್ತು, ಎತ್ತಿನ ಗೆಜ್ಜೆ ಕೂಸಿನ ಕಾಲಿಗೆ ಬಂದದ್ದು ಅದರಲ್ಲಿದೆ. ಎರಡನೆಯದಕ್ಕಾಗಿ ಡಿಸೆಂಬರ್ ೧ರಂದು ನಾನು ಇಂಡಿಗೆ ಹೋದೆ. ಅಲ್ಲಿನ ನೆಂಟರ ಮನೆಯಲ್ಲಿ ಒಬ್ಬ ಹಿರಿಯಾಕೆ ಇದ್ದಾಳೆ. ಎರಡು ಲೋಟ ನಿಂಬೆ ಪಾನಕ ಕುಡಿಸಿ, ಮದುವೆ ಯಾವಾಗ ಎಂದು ನಾಲ್ಕು ಸಲ ಕೇಳಿ, ಆಮೇಲೆ ಕಣ್ಣು ಮುಚ್ಚಿ ಹಾಡಿದಳು:

ನಿಂಬಿಯ ಬನದಿಂದ ಬಂದಾಳ ಹಿರಿಯಾಕಿ
ತುಂಬಿದ ಉಡಿಯ ಸಡಿಲಿಸದ, ಇಂಡಿಯ
ಕೊಂಬೀಲೆ ತೊಟ್ಟಿಲ ತಂದಾಳ, ಜೋ

ನಾನು ಫೋನನ್ನು ಚೀಲದಿಂದ ತೆಗೆಯಲೇ ಇಲ್ಲ. ಪೆನ್ನಿನಲ್ಲಿ ಬರೆದುಕೊಂಡೆ.

ಉಳಿದದ್ದು ಆಯಿಯ ನುಡಿ. ಆಕೆಯ ತವರೂರು ಈಗ ಇಲ್ಲ. ಹೊಳೆಯ ಹಿನ್ನೀರು ಬಂದು ಮುಳುಗಡೆಯಾದ ಊರು ಅದು. ಜನ ಒಂದೊಂದು ಪುನರ್ವಸತಿ ಕೇಂದ್ರಕ್ಕೆ ಒಂದೊಂದು ಓಣಿಯಂತೆ ಚದುರಿ ಹೋದರು. ಡಿಸೆಂಬರ್ ೩ ಮತ್ತು ೪ರಂದು ಎರಡು ಕೇಂದ್ರಗಳಿಗೆ ಹೋಗಿ ಹನ್ನೊಂದು ಮನೆ ಕೇಳಿದೆ. ಆಯಿಯ ಅಣ್ಣತಮ್ಮಂದಿರು ಯಾರೂ ಉಳಿದಿಲ್ಲ. ‘ಆಗ ಬಂಡಿ ಕಟ್ಟಿಕೊಂಡು ಸಿಂದಗಿ ಕಡೆ ತೊಟ್ಟಲ ಕಾರ್ಯಕ್ಕ ಹೋದದ್ದು ಖರೇ. ನಾ ಸಣ್ಣಾಕಿ ಇದ್ದೆ, ಗುಗ್ಗರಿ ತಿಂದದ್ದು ನೆನಪೈತಿ, ಹಾಡು ನೆನಪಿಲ್ಲ’ ಎಂದಳು ಒಬ್ಬಾಕೆ.

ಆಯಿಯ ತೊಟ್ಟಿಲ ಹಾಡಿನ ತುಣುಕು ಇದ್ದರೆ ಕೊಡಿ ಎಂದು ಕಂಪನಿಗೂ ಮೇಲ್ ಬರೆದೆ. ಯಾವ ದನಿ ಯಾರದು ಎಂಬ ಗುರುತನ್ನು ಕಳಚಿಯೇ ಸೇರಿಸಿರುತ್ತೇವೆ, ಒಬ್ಬರದನ್ನು ಮಾತ್ರ ಹುಡುಕಿ ತೆಗೆಯಲು ಬರುವುದಿಲ್ಲ ಎಂದು ಸೌಜನ್ಯದಿಂದಲೇ ಉತ್ತರ ಬಂತು. ಸಿಕ್ಕಿದ್ದರೂ ಮೂವತ್ತು ಸೆಕೆಂಡೇ ತಾನೆ. ಅದರಲ್ಲಿ ರಂಗೋಲಿ ಎಳೆದು ಮುಗಿಯುವುದರೊಳಗೆ ಟಣ್.

ಡಿಸೆಂಬರ್ ೭ರಂದು ಅಕ್ಕ ಹೇಳಿದಳು: ‘ನೀನು ಊರು ಸುತ್ತಿ ಮಾತು ಕಲಿಸಿ ಬಂದೀಯಲ್ಲ, ಅದನ್ನೇ ಕೇಳು. ಕಲಿಸಿದಾಕಿಗೆ ಒಂದು ನುಡಿ ಬರಕೊಡೋದಿಲ್ಲೇನು?’

ಅವಳು ತಮಾಷೆಗೆ ಹೇಳಿದ್ದಲ್ಲ. ಈಗ ಎಲ್ಲರೂ ಹಾಗೆಯೇ ಮಾಡುತ್ತಾರೆ. ಮುತ್ಯಾ ದಿನಾ ಬೆಳಿಗ್ಗೆ ಫೋನಿಗೆ, ‘ಇವತ್ತು ಸಿಂದಗ್ಯಾಗ ತೊಗರಿ ಧಾರಣಿ ಏನೈತಿ?’ ಎಂದು ಕೇಳುತ್ತಾನೆ. ಎರಡು ವರ್ಷದ ಹಿಂದೆ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ, ಈಗ ನೆಟ್ಟಗೆ ಉತ್ತರ ಕೊಡುತ್ತದೆ. ಹಾಗೆ ಕೊಟ್ಟಾಗಲೆಲ್ಲ ಅದರಲ್ಲಿ ನಾನು ಕೂಡಿಸಿದ ದನಿಯ ಒಂದು ಚೂರಾದರೂ ಇರಬಹುದೇ ಎಂದು ಯೋಚಿಸುತ್ತೇನೆ. ಆ ಕಟ್ಟೆಯ ಮುದುಕಿಯ ಸೊಸೆಯದು, ದ್ರಾಕ್ಷಿ ತೋಟದವಳದು. ಇರಬಹುದು, ಇಲ್ಲದೆಯೂ ಇರಬಹುದು. ನಮ್ಮ ಓಣಿಯಲ್ಲೇ ಹೋದ ದಸರೆಯ ಹೊತ್ತಿಗೆ ಒಂದು ಮನೆಯವರು ತಮ್ಮ ಕೂಸಿನ ಹೆಸರು ಹಾಕಿ ಫೋನಿನಿಂದಲೇ ಹಾಡು ಮಾಡಿಸಿದರು. ಡೊಳ್ಳು, ಕೊಳಲು, ಒಳ್ಳೆಯ ಗಂಟಲು ಎಲ್ಲ ಇತ್ತು. ಕೂಸಿನ ಹೆಸರು ಒಂಬತ್ತು ಸಲ ಬಂತು. ಎಲ್ಲರಿಗೂ ಸೇರಿತು. ಬಂದ ಹೆಂಗಸರು ಎಲ್ಲಿ ‘ಜೋ’ ಎನ್ನಬೇಕೆಂದು ತಿಳಿಯದೆ ಕೂತು ಗುಗ್ಗರಿ ತಿಂದರು.

ನಾನು ಕೇಳಿದೆ. ಮುದ್ದೇಬಿಹಾಳ, ಹೊಳೆದಂಡೆ, ತೊಟ್ಟಿಲ ಹಾಡು, ಮೂರು ಸಾಲು ಎಂದೆ. ಒಂದು ಉಸಿರಿನಷ್ಟು ಹೊತ್ತಿನಲ್ಲಿ ಬರೆದುಕೊಟ್ಟಿತು:

ಕೃಷ್ಣೆಯ ಮಡಿಲಲ್ಲಿ ಬೆಳೆದಾಳ ನಿನ್ನಜ್ಜಿ
ಪ್ರೀತಿಯ ಹೊಳಿಯಾಗಿ ಹರಿದಾಳ, ಕಂದಮ್ಮ
ಚಂದಿರನ ತೊಟ್ಟಿಲಲಿ ಮಲಗವ್ವ, ಜೋ

ಅವ್ವ ಎರಡು ಸಲ ಓದಿಸಿದಳು. ‘ತಪ್ಪೇನಿಲ್ಲ ಬಿಡು’ ಎಂದಳು. ಅಕ್ಕ ‘ಚೊಲೊ ಐತಿ’ ಎಂದಳು. ನನಗೂ ಚೊಲೊ ಅನ್ನಿಸಿತು. ಆಯಿಗೆ ಮೊದಲೇ ಓದಿ ತೋರಿಸಬೇಕಿತ್ತು. ತೋರಿಸಲಿಲ್ಲ. ಖುಷಿಯಾಗುತ್ತಾಳೆ, ಅವತ್ತೇ ಕೇಳಲಿ ಎಂದುಕೊಂಡೆವು.

ಡಿಸೆಂಬರ್ ೯, ಮಂಗಳವಾರ. ನೆರೆದ ಹೆಂಗಸರು ೩೪. ಅಕ್ಕನ ನಾದಿನಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಪದ್ಧತಿಯಂತೆ ಎಲ್ಲರೂ ಆಕೆಯ ಬೆನ್ನಿಗೆ ಗುದ್ದಿದರು. ‘ಮೆತ್ತಗ ಹೊಡೀರೆ, ಹೆಸರು ಇಟ್ಟೇನಿ, ಕಳವು ಮಾಡಿಲ್ಲ!’ ಎಂದು ಆಕೆ ಕೂಗಿದಳು. ಆಮೇಲೆ ಹಾಡು. ಆಯಿಯನ್ನು ತೊಟ್ಟಿಲ ತಲೆದೆಸೆಗೆ ಕುರ್ಚಿಯಲ್ಲಿ ಕೂರಿಸಿದ್ದೆವು. ಮೊದಲ ನುಡಿಗೆ ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕಿದಳು. ಇಂಡಿಯ ನುಡಿ ಬಂದಾಗ ನನ್ನ ಕಡೆ ನೋಡಿ ಕಣ್ಣಲ್ಲೇ ಭೇಷ್ ಎಂದಳು. ಮೂರನೆಯದನ್ನು ಅಕ್ಕ ಹಾಡಿದಳು. ‘ಕೃಷ್ಣೆಯ ಮಡಿಲಲ್ಲಿ’ ಎನ್ನುತ್ತಲೇ ಆಯಿಯ ಕೈ ನಿಂತಿತು. ಅಕ್ಕ ಹಾಡಿ ಮುಗಿಸಿದಳು, ಎಲ್ಲರೂ ‘ಜೋ’ ಎಂದರು. ಅವ್ವನ ನುಡಿಗೆ ಕೈ ಮತ್ತೆ ಶುರುವಾಯಿತು.

ಹಾಡು ಮುಗಿದ ಮೇಲೆ ಮನೆಯ ಹಿರಿಯಾಕೆಗೆ ಉಡಿ ತುಂಬಬೇಕು. ಸೆರಗೊಡ್ಡಿದರೆ ಅದರಲ್ಲಿ ಗುಗ್ಗರಿ, ಕೊಬ್ಬರಿ ಬಟ್ಟಲು, ಕುಬಸದ ಬಟ್ಟೆ ಹಾಕುತ್ತಾರೆ. ಅದಾದರೆ ಹಾಡು ಪೂರ್ತಿಯಾಯಿತು ಎಂದು ಅರ್ಥ. ಅವ್ವ ಮೊರ ಹಿಡಿದು ಆಯಿಯ ಮುಂದೆ ನಿಂತಳು. ಆಯಿ ಸೆರಗನ್ನು ಎಡಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಒಡ್ಡಲಿಲ್ಲ.

‘ಸಿಟ್ಟಾಗಿಯೇನು ಅತ್ತಿ?’ ಎಂದು ಅವ್ವ ಕೇಳಿದಳು.

ಆಯಿ ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಮುಷ್ಟಿ ಬಿಚ್ಚಿ ಹೆಬ್ಬೆರಳನ್ನು ತೋರುಬೆರಳಿನ ಮೊದಲ ಗೆಣ್ಣಿಗೆ ಇಟ್ಟಳು. ಎರಡನೆಯದಕ್ಕೆ ಇಟ್ಟಳು. ಮೂರನೆಯದರ ಮೇಲೆ ಹೆಬ್ಬೆರಳು ಬಂದು, ಮುಟ್ಟದೆ, ಹಾಗೆಯೇ ಗಾಳಿಯಲ್ಲಿ ನಿಂತಿತು. ಆಮೇಲೆ ನಡುಬೆರಳಿಗೆ ಹೋಗಿ ನಾಲ್ಕು, ಐದು. ಮತ್ತೆ ಮೊದಲಿನಿಂದ. ಮತ್ತೆ ಮೂರರ ಮೇಲೆ ನಿಂತಿತು.

ನನ್ನ ನೋಟುಪುಸ್ತಕದಲ್ಲಿ ಅವತ್ತು ಹಾಡಿದ ನುಡಿ ಐದು ಎಂದು ಬರೆದಿದ್ದೆ. ಆಯಿಯ ಲೆಕ್ಕದಲ್ಲಿ ನಾಲ್ಕು. ಅವ್ವ ಮೊರವನ್ನು ಜಂತಿಯ ಕೆಳಗೆ ಗೋಡೆಯಲ್ಲಿರುವ ಮಾಡದಲ್ಲಿ ಇಟ್ಟಳು. ಕುಬಸದ ಬಟ್ಟೆ, ಕೊಬ್ಬರಿ ಬಟ್ಟಲು ಇವತ್ತಿಗೂ ಅಲ್ಲೇ ಇವೆ. ಗುಗ್ಗರಿಯನ್ನು ಮಾತ್ರ ಆ ದಿನವೇ ಹಂಚಿದೆವು.

ಅಂದಿನಿಂದ ನಾನು ಸುಮ್ಮನೆ ಕೂರಲಿಲ್ಲ. ಜನವರಿ ೧೮ರಂದು, ಅದೂ ರವಿವಾರವೇ, ೨೦೨೪ರ ನೋಟುಪುಸ್ತಕವನ್ನು ಮೊದಲ ಪುಟದಿಂದ ಓದತೊಡಗಿದೆ. ಏಪ್ರಿಲ್ ೧೪ರ ಪುಟದಲ್ಲಿ ಹೀಗಿತ್ತು:

‘ಬೆ. ೭.೨೦. ತುಣುಕು ೧೪೦೬, ಆಯಿ, ತೊಟ್ಟಿಲ ಹಾಡು, ಒಪ್ಪಿದರು. ೧೪೦೭, ಅವ್ವ, ಮಳೆಯ ವಾಕ್ಯ, ತಿರುಗಿಸಿದರು, ಹಿನ್ನೆಲೆ ಸದ್ದು. ೧೪೦೮, ಅವ್ವ, ಅದೇ ವಾಕ್ಯ, ಒಪ್ಪಿದರು.’

ಆ ಬೆಳಗು ಪೂರ್ತಿ ನೆನಪಾಯಿತು. ಆಯಿ ಪಡಸಾಲೆಯಲ್ಲಿ ತೊಟ್ಟಿಲ ಹಾಡು ಎತ್ತಿದ್ದಳು. ‘ಇವತ್ತು ಮನೀ ಹಾಡು ಕೊಡ್ತೇನಿ, ಚಂದಾಗಿ ತಗೋ’ ಎಂದಿದ್ದಳು. ಮೂವತ್ತು ಸೆಕೆಂಡಿಗೆ ಟಣ್ ಎಂದಿತು. ನಾನು ಎದ್ದು ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಫೋನು ಹಿಡಿದೆ. ಆಯಿ ಹಿಂದೆ ಹಾಡುತ್ತಲೇ ಇದ್ದಳು. ಅವ್ವ ವಾಕ್ಯ ಓದಿ ಮುಗಿಸುವುದರೊಳಗೆ ಈ ತುಣುಕು ಕೆಟ್ಟಿತೆಂದು ನನಗೆ ಗೊತ್ತಾಯಿತು. ತಿರುಗಿ ಹೇಳಿದೆ: ‘ಆಯಿ, ಒಂದು ಚೂರು ಸುಮ್ಮನಿರ. ನಿನ್ನ ದನಿ ನಡುವ ಬರಾಕತ್ತೈತಿ.’

ಆಯಿ ಬೇಜಾರು ಮಾಡಿಕೊಳ್ಳಲಿಲ್ಲ. ಹಾಡು ನಿಲ್ಲಿಸಲೂ ಇಲ್ಲ. ಮೆಲ್ಲಗೆ ಎದ್ದು, ಹಾಡುತ್ತಲೇ ಹಿತ್ತಲ ಬಾಗಿಲು ದಾಟಿ ಹೋದಳು. ಉಳಿದದ್ದನ್ನು ಅಲ್ಲಿ ಮುಗಿಸಿ ಬಂದಳು. ಕೇಳಿದ್ದು ನಮ್ಮ ಎಮ್ಮೆ, ಮೂರು ಕೋಳಿ.

ತಿರುಗಿ ಬಂದ ತುಣುಕುಗಳ ಫೋಲ್ಡರ್ ಫೋನಿನಲ್ಲಿ ಇನ್ನೂ ಇತ್ತು. ೧೪೦೭ ಸಿಕ್ಕಿತು. ಅವ್ವನ ದನಿ, ರೊಟ್ಟಿಯ ಬಡಿತ, ಅದರ ಹಿಂದೆ ದೂರದಲ್ಲಿ ಆಯಿ. ಎಷ್ಟು ಕೇಳಿದರೂ ಮಾತು ಬಿಡಿಬಿಡಿಯಾಗಿ ತಿಳಿಯಲಿಲ್ಲ. ಸದ್ದು ತೆಗೆದು ದನಿ ಶುದ್ಧ ಮಾಡುವ ಕೃತಕ ಬುದ್ಧಿಯ ಆ್ಯಪ್ ಒಂದಿದೆ, ಅದಕ್ಕೆ ಹಾಕಿದೆ. ಅರ್ಧ ನಿಮಿಷದಲ್ಲಿ ಶುದ್ಧವಾಗಿ ಬಂತು. ‘ಈ ವರ್ಷ ಮುಂಗಾರು ಮಳೆ ಸಕಾಲಕ್ಕೆ ಬರುವ ನಿರೀಕ್ಷೆ ಇದೆ’ ಎಂದು ಅವ್ವ ಗಾಜಿನಂತೆ ಸ್ಪಷ್ಟವಾಗಿ ಓದುತ್ತಿದ್ದಾಳೆ. ರೊಟ್ಟಿಯ ಸದ್ದಿಲ್ಲ. ಆಯಿಯೂ ಇಲ್ಲ. ರೊಟ್ಟಿಯ ಜೊತೆಗೆ ಆಕೆಯನ್ನೂ ಗದ್ದಲವೆಂದು ತೆಗೆದುಹಾಕಿತ್ತು.

ಅದನ್ನು ಅಕ್ಕನಿಗೂ ಹಾಕಿ ತೋರಿಸಿದೆ. ಆಮೇಲೆ ಅಕ್ಕ ಕೂಸಿಗೆ ಹಾಲು ಕುಡಿಸುತ್ತಾ ಕೇಳಿದಳು: ‘ತಗದದ್ದನ್ನ ಎಲ್ಲಿ ಒಗೀತೈತಿ ಅದು?’

ಅದನ್ನು ನಾನು ಯೋಚಿಸಿರಲಿಲ್ಲ. ನೋಡಿದರೆ ಆ ಆ್ಯಪ್ ಏನನ್ನೂ ಒಗೆಯುವುದಿಲ್ಲ. ಕೆಳಗೆ ಇನ್ನೊಂದು ಗುಂಡಿಯಿದೆ, ‘ಉಳಿದ ಸದ್ದು’ ಎಂದು. ಅದನ್ನು ಒತ್ತಿದರೆ ತೆಗೆದದ್ದನ್ನೇ ಬೇರೆಯಾಗಿ ಕೊಡುತ್ತದೆ. ಒತ್ತಿದೆ. ಅವ್ವನ ದನಿ ಹೋಗಿತ್ತು. ರೊಟ್ಟಿಯ ಬಡಿತ ತಾಳದಂತೆ ಬರುತ್ತಿತ್ತು, ಅದರ ಮೇಲೆ ಹತ್ತು ತಿಂಗಳಿಂದ ನಾವು ಯಾರೂ ಕೇಳಿರದ ದನಿ:

ಹೊಳಿದಂಡಿ ಮನಿಯಾಕಿ ಬಳಿ ಸದ್ದು ಮಾಡಬ್ಯಾಡ
ಮಳಲಾಗ ಬಿಟ್ಟ ಹೆಜ್ಜಿಗಳ...

ಅಲ್ಲಿಗೆ ನನ್ನ ದನಿ ಬರುತ್ತದೆ: ‘ಆಯಿ, ಒಂದು ಚೂರು ಸುಮ್ಮನಿರ.’ ಆಮೇಲೆ ಟಣ್.

ಅಕ್ಕ ಕೂಸನ್ನು ಎದೆಗೆ ಒತ್ತಿಕೊಂಡು ಅತ್ತಳು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾವು ಮೂವರೂ ಫೋನನ್ನು ಆಯಿಯ ಕಿವಿಯ ಹತ್ತಿರ ಹಿಡಿದೆವು. ಆಯಿ ಕೇಳಿದಳು. ಇನ್ನೊಮ್ಮೆ ಹಾಕು ಎಂದು ಕೈ ತಿರುವಿದಳು. ಏಳು ಸಲ ಹಾಕಿದೆ. ಹೆಬ್ಬೆರಳು ಮೂರನೆಯ ಗೆಣ್ಣಿಗೆ ಬಂದು, ಈ ಸಲ ಮುಟ್ಟಿತು. ಪೂರ್ತಿ ಅಲ್ಲ, ಅಂಚಿಗೆ.

ಮಳಲಿನಲ್ಲಿ ಬಿಟ್ಟ ಹೆಜ್ಜೆಗಳನ್ನು ಏನು ಮಾಡಿದರು? ಯಾರು ಮಾಡಿದರು? ಅಲ್ಲಿಂದ ಇವತ್ತಿನವರೆಗೆ ನಮ್ಮ ಮನೆಯಲ್ಲಿ ಇದೇ ಮಾತು. ಹೊಳೆ ಒಯ್ಯಿತು ಎಂದು ಅಕ್ಕ ಹೇಳಿದಳು. ಆಯಿ ತಲೆ ಅಲ್ಲಾಡಿಸಿದಳು. ಕೂಸು ಎಣಿಸಿತು ಎಂದು ಅವ್ವ. ಅಲ್ಲ. ಇಷ್ಟು ವರ್ಷ ಕಟ್ಟೆಯ ಮೇಲೆ ಕೂತು ಒಳಗಿನ ಹಾಡು ಕೇಳಿಸಿಕೊಂಡ ಮುತ್ಯಾನನ್ನು ಕೇಳಿದೆವು.

‘ನನಗ ಹಾಡು ಎಲ್ಲಿ ಕೇಳಸ್ತಿತ್ತು? ಗುಗ್ಗರಿ ಯಾವಾಗ ಬರ್ತೈತಿ ಅಂತ ಬಾಗಿಲಾ ನೋಡ್ತಿದ್ದೆ’ ಎಂದ.

ಆಯಿ ಬಾಯಿ ಒಂದು ಬದಿಗೆ ಎಳೆದು ನಕ್ಕಳು. ಲಕ್ವಾ ಹೊಡೆದ ಮೇಲೆ ಆಕೆ ಹಾಗೆ ನಕ್ಕದ್ದು ನನ್ನ ಲೆಕ್ಕದಲ್ಲಿ ನಾಲ್ಕನೆಯ ಸಲ.

ಯಂತ್ರವನ್ನೂ ಕೇಳಿದೆ. ಈ ಸಲ ಎರಡು ಸಾಲನ್ನೂ ಕೊಟ್ಟು ಕೇಳಿದೆ. ಇಪ್ಪತ್ಮೂರು ಸಾಲು ಬರೆದುಕೊಟ್ಟಿತು, ಎಲ್ಲವನ್ನೂ ಒಂದೊಂದಾಗಿ ಆಯಿಗೆ ಓದಿದೆ. ಹದಿನಾಲ್ಕನೆ‍ಯದು ಹೀಗಿತ್ತು: ‘ಎಳಿಬಿಸಿಲು ಬಂದು ತುಂಬೈತಿ, ಜೋ’. ಆಯಿ ಕೂಡಲೇ ತಲೆ ಅಲ್ಲಾಡಿಸಲಿಲ್ಲ. ಕಿಟಕಿಯಿಂದ ಒಳಗೆ ಬಿದ್ದ ಬಿಸಿಲನ್ನು ನೋಡಿದಳು. ಆಮೇಲೆ ಮೆಲ್ಲಗೆ ಅಲ್ಲಾಡಿಸಿದಳು. ಆ ಸಾಲು ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ನಾವು ಮನೆಯವರು ಅಷ್ಟರಲ್ಲಿ ಮಾಡಿದ್ದ ಆರು ಊಹೆಗಳಿಗಿಂತ ಚೆನ್ನಾಗಿದೆ. ನನ್ನ ಮುಂದಿನವರ ಮನೆಗಳಲ್ಲಿ ಇಂಥ ಸಾಲುಗಳೇ ಹಾಡಾಗಬಹುದು, ಕೂಸುಗಳು ಅವನ್ನು ಕೇಳಿ ಚೆನ್ನಾಗಿಯೇ ನಿದ್ದೆ ಮಾಡಬಹುದು. ಆದರೆ ಬಂಡಿ ಕಟ್ಟಿಕೊಂಡು ಬಂದವರು ಆಯಿಗೆ ಕೊಟ್ಟು ಹೋದದ್ದು ಅದಲ್ಲ.

ಒಂದು ವಿಷಯ ಆಗಾಗ ಮನಸ್ಸಿಗೆ ಬರುತ್ತದೆ. ನಾಲ್ಕು ತಾಲೂಕು ತಿರುಗಿ ನಾನು ಆ ಯಂತ್ರಕ್ಕೆ ಕೊಟ್ಟದ್ದೆಲ್ಲ ಮೂವತ್ತು ಸೆಕೆಂಡಿನ ಮೊದಲುಗಳು. ನಮ್ಮ ಹಾಡು ಹೇಗೆ ಶುರುವಾಗುತ್ತದೆ ಎಂದು ಅದಕ್ಕೆ ಗೊತ್ತು. ಮುಗಿಯುವುದನ್ನು ನಾನೇ ಕೇಳಿಸಿಕೊಳ್ಳಲಿಲ್ಲ, ಅದಕ್ಕೆ ಎಲ್ಲಿಂದ ಕೊಡಲಿ? ಈಗ ಸಿಂದಗಿಯ ಸಂತೆಗೆ ಬರುವ ಹಿರಿಯರು ಹಾಡಿದರೆ ಕೊನೆಯವರೆಗೆ ಕೂರುತ್ತೇನೆ. ಹೋದ ತಿಂಗಳು ಹಾಗೆ ಮೂರು ಬಸ್ಸು ತಪ್ಪಿದವು.

ಈಗ ಗಂಟೆ ಎಂಟೂವರೆ. ಅವ್ವನ ರೊಟ್ಟಿ ಇಪ್ಪತ್ತಾರಕ್ಕೆ ನಿಂತಿವೆ. ಕೂಸು ಎದ್ದಿದೆ. ಆಯಿ ಎಡಗೈಯಿಂದ ತೊಟ್ಟಿಲ ಹಗ್ಗ ಎಳೆಯುತ್ತಿದ್ದಾಳೆ. ಮಾಡದಲ್ಲಿ ಮೊರ ಹಾಗೆಯೇ ಇದೆ.

ಇದನ್ನು ಓದುವವರಲ್ಲಿ ಮುದ್ದೇಬಿಹಾಳ ತಾಲೂಕಿನ ಹೊಳೆದಂಡೆಯ ಮುಳುಗಡೆ ಊರುಗಳವರು ಯಾರಾದರೂ ಇದ್ದರೆ, ಈಗ ಯಾವ ಊರಿನಲ್ಲಿಯೇ ಇರಿ, ನಿಮ್ಮ ಮನೆಯ ಹಿರಿಯ ಹೆಂಗಸರಿಗೆ ಆ ಎರಡು ಸಾಲು ಓದಿ ತೋರಿಸಿ. ಐವತ್ತು ವರ್ಷಕ್ಕೂ ಹಿಂದೆ ಸಿಂದಗಿಯ ಕಡೆಗೆ ಬಂಡಿಯಲ್ಲಿ ತೊಟ್ಟಿಲ ಕಾರ್ಯಕ್ಕೆ ಹೋದದ್ದು ಯಾರಿಗಾದರೂ ನೆನಪಿದೆಯೇ ಕೇಳಿ. ಮೊದಲ ಸಾಲಿನಲ್ಲಿ ಹೊಳಿ, ಎರಡನೆಯದರಲ್ಲಿ ಮಳಲು ಬಂದಿರುವುದರಿಂದ ಮೂರನೆಯದೂ ಅದೇ ಪ್ರಾಸದಲ್ಲಿ ಶುರುವಾಗಿರಬೇಕು. ಅದರಾಚೆ ನನಗೆ ಏನೂ ಗೊತ್ತಿಲ್ಲ. ಸಾಲು ಚಂದ ಇರಬೇಕೆಂದಿಲ್ಲ, ತಿದ್ದಬೇಡಿ, ಸೇರಿಸಬೇಡಿ. ಅರ್ಧವೇ ನೆನಪಿದ್ದರೆ ಅರ್ಧವನ್ನೇ ಬರೆಯಿರಿ. ಇದು ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ. ಬಂದ ಪ್ರತಿಯೊಂದನ್ನೂ ತಾರೀಖು ಹಾಕಿ ಬರೆದುಕೊಂಡು ಆಯಿಗೆ ಓದುತ್ತೇನೆ. ಆಕೆ ಸೆರಗು ಒಡ್ಡಿದರೆ ಅದೇ ಸಾಲು.